ಬೇಸಿಗೆ ಹೂವಿನ ಚಾರಣಕ್ಕೆ ಅರಕೇರಾಕ್ಕೆ ಬನ್ನಿ

ಯುಗಾದಿ ಮುಗಿಯಿತೆಂದರೆ ಸಾಕು, ಮೊಬೈಲಿನ ತುಂಬ ಅದೇ ಜಾಹೀರಾತು. ಬೇಸಿಗೆ ಬಿಸಿಲಿಗೆ ಬೇಸತ್ತಿರಾ, ಒಂದು ದಿನದ ಚಾರಣಕ್ಕೆ ಬನ್ನಿ, ಬೆಟ್ಟದ ತುಂಬ ಕಾಡುಹೂ, ಬೆಳಿಗ್ಗೆ ತಿಂಡಿ, ಕೊನೆಗೆ ಸರ್ಟಿಫಿಕೇಟು. ಚಿತ್ರದಲ್ಲಿ ಹಸಿರು ಇಳಿಜಾರು, ನೇರಳೆ ಹೂ, ಮಂಜು, ಜಾಕೆಟ್ ತೊಟ್ಟು ನಗುವ ಹುಡುಗಿ. ನಮ್ಮ ರಾಯಚೂರು ಸೀಮೆಯ ಅರಕೇರಾದಲ್ಲಿ ಆ ಹೊತ್ತಿಗೆ ಜಾಕೆಟ್ಟಿನ ಮಾತಿರಲಿ, ಮೈಮೇಲಿನ ಬನಿಯನ್ನೇ ಭಾರ.

ಈ ಬೇಸಿಗೆ ಯಾರದು ಅಂತ ವಿಚಾರಿಸಬೇಕಿತ್ತು. ಹಿಮ ಕರಗುವ ಸೀಮೆಯಲ್ಲಿ ಬೆಟ್ಟ ಹೂ ಬಿಡುವುದು ಬೇಸಿಗೆಗೇ. ಉತ್ತರಾಖಂಡದ ಹೂಗಳ ಕಣಿವೆ ಜೂನ್ 1ಕ್ಕೆ ಬಾಗಿಲು ತೆರೆದು ಅಕ್ಟೋಬರ್ 31ಕ್ಕೆ ಮುಚ್ಚುತ್ತದೆ, ಹೂ ತುಂಬುವುದು ಜುಲೈ, ಆಗಸ್ಟಿನಲ್ಲಿ. ಅಂದರೆ ಅಲ್ಲೂ ನಮ್ಮ ಲೆಕ್ಕದ ಮಳೆಗಾಲವೇ. ನಮ್ಮ ಮುಳ್ಳಯ್ಯನಗಿರಿ ಏಪ್ರಿಲ್‌ನಲ್ಲಿ ಒಣಹುಲ್ಲಿನ ಬಣವೆ. ಒಂದು ಬೀಡಿ ತುಂಡು ಸಾಕು. ಅರಣ್ಯ ಇಲಾಖೆ ಬೇಸಿಗೆಯಲ್ಲಿ ಚಾರಣದ ದಾರಿಗಳನ್ನು ಮುಚ್ಚುವುದೂ ಇದೇ ಬೆಂಕಿಗೆ ಹೆದರಿ. ಹಾಗಾಗಿ ಜಾಹೀರಾತಿನ ಹೂ ಸೆಪ್ಟೆಂಬರಿನದು, ಮಂಜು ಡಿಸೆಂಬರಿನದು, ಹುಡುಗಿ ಯಾವ ದೇಶದವಳೋ. ಏಪ್ರಿಲ್‌ನದ್ದು ಅಂತ ಖಾತ್ರಿ ಹೇಳಬಹುದಾದದ್ದು ರಸೀದಿ ಒಂದೇ.

ಬೇಸಿಗೆಯಲ್ಲೇ ಗುಡ್ಡ ಹತ್ತಬೇಕು, ಹೂವನ್ನೇ ನೋಡಬೇಕು ಎನ್ನುವ ಹಟ ಇದ್ದವರು ನ್ಯಾಯವಾಗಿ ಬರಬೇಕಾದದ್ದು ನಮ್ಮ ದೇವದುರ್ಗದ ಸೀಮೆಗೆ. ನಮ್ಮ ಹೂಗಳು ಸುಳ್ಳು ಹೇಳುವುದಿಲ್ಲ. 43 ಡಿಗ್ರಿಯಲ್ಲಿ ಬಂಡೆ ಮೇಲೆ ಕೈ ಊರಿದರೆ ಚರ್ಮ ಅಲ್ಲೇ ಉಳಿಯುವ ಹೊತ್ತಿನಲ್ಲಿ, ಅದರ ಬುಡದಲ್ಲೇ ಎಕ್ಕೆ ಅರಳಿ ನಿಂತಿರುತ್ತದೆ. ಮೇಣದಲ್ಲಿ ಎರಕ ಹೊಯ್ದಂಥ ಐದು ಎಸಳು, ನಡುವೆ ಪುಟ್ಟ ಕಿರೀಟ, ಅಂಚಿಗೆ ತೆಳು ನೇರಳೆ. ಗುಂಯ್ಯೆನ್ನುತ್ತ ಬರುವ ದೊಡ್ಡ ಕರಿ ದುಂಬಿ ಕೂತರೆ ಗೊಂಚಲೇ ಬಾಗುತ್ತದೆ. ಬಿರಿಯದ ಮೊಗ್ಗನ್ನು ಬೆರಳಲ್ಲಿ ಒತ್ತಿ ಟಪ್ಪೆನ್ನಿಸದ ಹುಡುಗ ನಮ್ಮೂರಲ್ಲಿಲ್ಲ. ಶನಿವಾರ ಇದೇ ಹೂ ಹನುಮಪ್ಪನ ಕೊರಳಿಗೆ ಹಾರ. ಫೋಟೋಕ್ಕೆಂದು ಕಿತ್ತು ಕಿವಿಗೆ ಸಿಕ್ಕಿಸಿಕೊಳ್ಳುವವರು ಮಾತ್ರ ತುಸು ತಡೆಯಿರಿ: ತೊಟ್ಟಿನಿಂದ ಒಸರುವ ಹಾಲು ಕಣ್ಣಿಗೆ ಬಿದ್ದರೆ ಮುಂದಿನ ಚಾರಣ ರಾಯಚೂರಿನ ಕಣ್ಣಿನ ಆಸ್ಪತ್ರೆಗೆ.

ತಂಗಡಿಯೂ ಇದೆ. ನೆರೆಯ ತೆಲಂಗಾಣ 2014ರಲ್ಲಿ ರಾಜ್ಯವಾದ ವರ್ಷವೇ ಇದನ್ನು ರಾಜ್ಯಪುಷ್ಪ ಮಾಡಿಕೊಂಡಿತು, ಅಲ್ಲಿ ಬತುಕಮ್ಮ ಹಬ್ಬಕ್ಕೆ ಇದು ಬೇಕೇ ಬೇಕು. ಗಡಿ ದಾಟಿ ಈಚೆ ಬಂದರೆ ಅದೇ ಹಳದಿ ಹೂ ಬದುವಿನ ಕಂಟಿ, ಆಡು ಸಹ ಮೂಸಿ ಮುಂದೆ ಹೋಗುತ್ತದೆ. ನಡುವೆ ಇರುವುದು ಒಂದು ಚೆಕ್‌ಪೋಸ್ಟು.

ಗುಡ್ಡದಂಚಿನಲ್ಲಿ ಕುರಿ ಕಾಯುವ ಮುದುಕಪ್ಪನಿಗೆ ಈ ಚಾರಣದ ಸಂಗತಿ ಬಿಡಿಸಿ ಹೇಳಿದೆ. ಬಿಸಿಲಾಗ ಗುಡ್ಡ ಹತ್ತಾಕ ಸಾವಿರಗಟ್ಟಲೆ ರೊಕ್ಕ ಕೊಡ್ತಾರ ಅಂದೆ. ಅವನು ಬೀಡಿ ಆರಿಸಿ, ತಲೆ ಮೇಲಿನ ಕಂಬಳಿ ಸರಿಮಾಡಿಕೊಂಡು ಕೇಳಿದ: “ಹಂಗಾದ್ರ ನಾ ಇಷ್ಟು ವರ್ಸ ಹತ್ತಿದ್ದಕ್ಕ ಯಾರಿಗೆ ಎಷ್ಟು ಬಾಕಿ ಕೊಡಬೇಕು ಯಪ್ಪಾ?”

ಲೆಕ್ಕ ನಿಜಕ್ಕೂ ಗೋಜಲು. ಇದೇ ಬಿಸಿಲಿನಲ್ಲಿ ಇದೇ ಗುಡ್ಡದ ಬುಡದಲ್ಲಿ ಬದು ಹಾಕುವ ಹೆಣ್ಣುಮಕ್ಕಳಿಗೆ ಉದ್ಯೋಗ ಖಾತ್ರಿ 2025-26ರಲ್ಲಿ ಕೊಟ್ಟ ಕೂಲಿ ದಿನಕ್ಕೆ 370 ರೂಪಾಯಿ. ಅವರು ಬುಟ್ಟಿ ಹೊರುತ್ತಾರೆ, ಈ ಚಾರಣಿಗರು ಬ್ಯಾಗು ಹೊರುತ್ತಾರೆ. ಅವರಿಗೆ ಹಾಜರಿಯ ಫೋಟೋ, ಇವರಿಗೆ ಸೆಲ್ಫಿ. ಸರ್ಟಿಫಿಕೇಟು ಇವರಿಗಷ್ಟೇ. ಬೆಂಗಳೂರಿಗೆ ಗುಳೆ ಹೋದ ನಮ್ಮ ಹುಡುಗರು ಮಹಡಿ ಮೇಲೆ ಮಹಡಿ ಹತ್ತಿ ಕಾಂಕ್ರೀಟು ಸುರಿದದ್ದು ಯಾವ ಗಿರಿಯ ಎತ್ತರಕ್ಕೂ ಕಡಿಮೆಯಿರಲಿಕ್ಕಿಲ್ಲ. ಹತ್ತಿ ಮುಗಿದ ಮೇಲೆ ಅವರನ್ನು ಗೇಟಿನ ಒಳಗೆ ಬಿಡುವುದಿಲ್ಲ, ಅದೊಂದು ಬೇರೆ ಮಾತು.

ಇಷ್ಟಾಗಿಯೂ ಜನ ಬರುತ್ತಾರೆಂದರೆ ನನಗೆ ಭಯವೇ. 2022ರ ಸೆಪ್ಟೆಂಬರಿನಲ್ಲಿ ಚಂದ್ರದ್ರೋಣ ಪರ್ವತದಲ್ಲಿ ಕುರಿಂಜಿ ಅರಳಿತು. ಹನ್ನೆರಡು ವರ್ಷ ಕಾದು ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಅದಕ್ಕೆ ಬೇಕಿದ್ದದ್ದು ಜೇನು. ಬಂದದ್ದು ಕಾರು. ಹೂವಿನ ಮೇಲೆ ಮಲಗಿ ತೆಗೆಸಿಕೊಂಡ ಫೋಟೋಕ್ಕೆ ಪ್ರಕೃತಿಪ್ರೇಮ ಎಂದು ಅಡಿಬರಹ. ಕಿತ್ತ ಗಿಡಕ್ಕೆ ಮೂರು ವರ್ಷ ಜೈಲು, 25 ಸಾವಿರ ದಂಡ ಎಂದು ಕೇಂದ್ರದ ಕಾನೂನು ಬಿಗಿಯಾದದ್ದು ಆಮೇಲೆ. 2024ರ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಮಂದಿ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಆ ಪರ್ವತಕ್ಕೆ ಪುಷ್ಪಗಿರಿ ಎಂಬ ಹೆಸರೂ ಇದೆ. ಅಂದು ಅಲ್ಲಿ ಕಂಡದ್ದು ಮುಂದಿನವರ ಬೆನ್ನು. ವಿಡಿಯೋ ಊರೆಲ್ಲ ಸುತ್ತಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ನಿಲ್ಲಿಸುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಆದೇಶ ಹೊರಡಿಸಬೇಕಾಯಿತು.

ನಮ್ಮ ಎಕ್ಕೆಗೆ ಆ ಗತಿ ಬಂದಿಲ್ಲ, ಯಾಕೆಂದರೆ ಅದು ವರ್ಷಕ್ಕೊಮ್ಮೆ ಅಲ್ಲ, ದಿನಾ ಅರಳುತ್ತದೆ. ಹನ್ನೆರಡು ವರ್ಷ ಮುನಿಸಿಕೊಂಡು ಕೂತಿದ್ದರೆ ಇಷ್ಟೊತ್ತಿಗೆ ಗುಡ್ಡದ ಕೆಳಗೆ ಪಾರ್ಕಿಂಗು, ನೆತ್ತಿಯಲ್ಲಿ ಗಾಜಿನ ಸೇತುವೆ, ನಡುವೆ ‘ಐ ಲವ್ ಅರಕೇರಾ’ ಬೋರ್ಡು ಎದ್ದಿರುತ್ತಿತ್ತು.

ಬರುವುದೇ ಆದರೆ ಬೇಗ ಬನ್ನಿ. ನಿಮಗಿಂತ ಮುಂಚೆ ನಮ್ಮ ಕಲ್ಲುಗುಡ್ಡಗಳ ಮೇಲೆ ಮನಸ್ಸಿಟ್ಟವರಿದ್ದಾರೆ. ಅವರು ಹತ್ತುವುದಿಲ್ಲ, ಬುಡದಿಂದ ಶುರುಮಾಡುತ್ತಾರೆ. ಸಿಡಿಮದ್ದು, ಖಡಿ ಮಷಿನ್ನು, ಟಿಪ್ಪರ್. ನೀವು ಬರುವ ರಸ್ತೆಗೂ ಅದೇ ಖಡಿ.

ನೀರು ನಿಮ್ಮದೇ ತನ್ನಿ. ನೆರಳು ಸಿಕ್ಕರೆ ಅದು ಬಳ್ಳಾರಿ ಜಾಲಿಯದು, ಮುಳ್ಳು ನೋಡಿ ಕೂರಿ. ದೂರು ಕೊಡುವುದಿದ್ದರೆ ಹೊತ್ತು ನೋಡಿಕೊಳ್ಳಿ: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ. ಆಮೇಲೆ ಬಿಸಿಲು ಜಾಸ್ತಿ, ಹೊರಗೆ ತಿರುಗಾಡಬಾರದು ಎಂದು ಸರಕಾರವೇ ಹೇಳುತ್ತದೆ.