ಇಲ್ಲವಾದ ದೇಶಗಳ ಅಂಚೆಚೀಟಿ

ಒಂದು ದೇಶದಿಂದ ಸಿಡಿದು ಬೇರೆಯಾಗಿ, ವರ್ಷವೋ ಎರಡು ವರ್ಷವೋ ಮೆರೆದು, ಮತ್ತೆ ಅದೇ ದೇಶದ ಹೊಟ್ಟೆ ಸೇರಿದ ರಾಜ್ಯಗಳ ಚೀಟಿಗಳನ್ನು ಕೂಡಿಡುವುದು ಅಂಚೆಚೀಟಿ ಸಂಗ್ರಹದ ಒಂದು ಕವಲು. ಬ್ರಿಟನ್ನಿನ ಚೀಟಿಗಳನ್ನೆಲ್ಲ ಕೂಡಿಸುತ್ತೇನೆಂದು ಹೊರಟವನಿಗೆ ಒಂದು ಜನ್ಮ ಸಾಲದು, ಎರಡು ಪೆನ್ಷನ್ ಸಾಲದು. ಇಲ್ಲಿ ಆ ಭಯವಿಲ್ಲ. ದೇಶವೇ ಮುಗಿದುಹೋಗಿರುವುದರಿಂದ ಪಟ್ಟಿಯೂ ಮುಗಿದಿದೆ. ನಿವೃತ್ತಿಯ ಮರುದಿನ ಹವ್ಯಾಸ ಹುಡುಕುವ ರಾಜಾಜಿನಗರದ ಹಿರಿಯರಿಗೆ ಇದು ಹೇಳಿ ಮಾಡಿಸಿದ ವಿಷಯ.

ಹೊಸದಾಗಿ ಹುಟ್ಟಿದ ರಾಜ್ಯಕ್ಕೆ ಸೈನ್ಯ ಬೇಕು, ಬೊಕ್ಕಸ ಬೇಕು, ರಾಯಭಾರಿಗಳು ಬೇಕು. ಅಂಚೆಚೀಟಿಗಾದರೆ ಒಂದು ಅಚ್ಚುಕೂಟ ಸಾಕು. ರಾಯಭಾರಿಯನ್ನು ಗೇಟಿನಲ್ಲೇ ನಿಲ್ಲಿಸುವ ದೇಶದಲ್ಲೂ ಲಕೋಟೆಯನ್ನು ಪೋಸ್ಟ್‌ಮ್ಯಾನ್ ಬಾಗಿಲಿಗೇ ತಂದುಕೊಡುತ್ತಾನೆ.

ಬೆಲ್ಜಿಯಂ ಆಳುತ್ತಿದ್ದ ಕಾಂಗೋ 1960ರ ಜೂನ್ 30ರಂದು ಸ್ವತಂತ್ರವಾಯಿತು. ಹನ್ನೊಂದೇ ದಿನಕ್ಕೆ, ಜುಲೈ 11ರಂದು, ತಾಮ್ರದ ಗಣಿಗಳಿದ್ದ ಕಟಾಂಗ ಪ್ರಾಂತ್ಯ ಮೊಯಿಸ್ ಚೊಂಬೆಯ ಮುಂದಾಳತ್ವದಲ್ಲಿ ಪಾಲು ಕೇಳದೆಯೇ ಬೇರೆಯಾಯಿತು. ಹೊಸ ಚೀಟಿಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಕೈಯಲ್ಲಿದ್ದ ಬೆಲ್ಜಿಯನ್ ಕಾಂಗೋ ಚೀಟಿಗಳ ಹೂವು, ಮುಖವಾಡಗಳ ಮೇಲೆಯೇ ‘ಕಟಾಂಗ’ ಎಂದು ಒತ್ತಿ ಮಾರಾಟಕ್ಕಿಟ್ಟರು. ಸಂಗ್ರಾಹಕರಿಗೆ ಇಂಥ ಓವರ್‌ಪ್ರಿಂಟ್ ಎಂದರೆ ಪ್ರಾಣ. ಅಕ್ಷರ ಸೊಟ್ಟಗಿದ್ದರೆ ಬೆಲೆ ಹೆಚ್ಚು, ತಲೆಕೆಳಗಾಗಿದ್ದರೆ ಇನ್ನೂ ಹೆಚ್ಚು. ಅಚ್ಚುಕೂಟದವನ ಅವಸರಕ್ಕೆ ಇಷ್ಟು ಗೌರವ ಬೇರೆಲ್ಲೂ ಸಿಗುವುದಿಲ್ಲ. ಪಕ್ಕದ ದಕ್ಷಿಣ ಕಸಾಯಿಯೂ ಬೇರೆಯಾದಾಗ ಇದೇ ದಾರಿ ಹಿಡಿಯಿತು.

ಕಟಾಂಗವನ್ನು ಒಂದು ದೇಶವೂ ಮಾನ್ಯ ಮಾಡಲಿಲ್ಲ. ಆದರೂ ಅದರ ಚೀಟಿ ಹಚ್ಚಿದ ಕಾಗದಗಳು ಹೊರದೇಶಗಳನ್ನು ಮುಟ್ಟಿದವು. ಪಶ್ಚಿಮ ಬೆಂಗಳೂರಿನವರಿಗೆ ಈ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಿಲ್ಲ: ಬಿ ಖಾತಾ ನಿವೇಶನದಂತೆ, ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ರಸೀದಿ ಕೊಡುತ್ತಾರೆ, ಸಕ್ರಮ ಎಂದು ಮಾತ್ರ ಹೇಳುವುದಿಲ್ಲ.

ಕಟಾಂಗದ ಪ್ರತ್ಯೇಕತೆಯನ್ನು ಮುಗಿಸಿದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರಿದ್ದರು. ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ 1961ರ ಡಿಸೆಂಬರ್ 5ರಂದು ಅಲ್ಲಿನ ಎಲಿಜಬೆತ್‌ವಿಲ್‌ನಲ್ಲಿ ಹೋರಾಡಿ ಮಡಿದರು. ಅವರಿಗೆ ಪರಮವೀರ ಚಕ್ರ ಸಂದಿತು. ಆ ಸೈನಿಕರ ಬಳಕೆಗೆಂದು ಭಾರತ ತನ್ನ ನಕ್ಷೆಯಿದ್ದ ಚೀಟಿಗಳ ಮೇಲೆ ವಿಶ್ವಸಂಸ್ಥೆಯ, ಕಾಂಗೋದ ಹೆಸರುಗಳನ್ನು ಒತ್ತಿ 1962ರಲ್ಲಿ ಹೊರತಂದಿತು. ಕಟಾಂಗದ ಪುಟದ ಎದುರು ಪುಟದಲ್ಲಿ ಇವು ಇಲ್ಲದಿದ್ದರೆ ಆ ಆಲ್ಬಮ್ ಅರ್ಧ. 1963ರ ಜನವರಿಯಲ್ಲಿ ಕಟಾಂಗದ ಕಥೆ ಮುಗಿಯಿತು.

ನೈಜೀರಿಯಾದಿಂದ 1967ರ ಮೇ 30ರಂದು ಬೇರೆಯಾದ ಬಯಾಫ್ರಾ 1970ರ ಜನವರಿ 15ರಂದು ಶರಣಾಯಿತು. ಅದರ ಮೊದಲ ಮೂರು ಚೀಟಿಗಳು 1968ರ ಫೆಬ್ರವರಿಯಲ್ಲಿ ಬಂದವು. ಮುತ್ತಿಗೆಯಿಂದ ಲಕ್ಷಗಟ್ಟಲೆ ಜನ ಹಸಿವಿನಲ್ಲಿ ಸತ್ತ ನಾಡಿದು. ಇದರ ಪುಟದಲ್ಲಿ ತಮಾಷೆಗೆ ಹೆಚ್ಚು ಜಾಗವಿಲ್ಲ. ಬಳಸದ ಚೀಟಿಗಳು ಅಗ್ಗ. ನಿಜವಾಗಿ ಪ್ರಯಾಣ ಮಾಡಿದ ಲಕೋಟೆ ಅಪರೂಪ, ಹಾಗಾಗಿ ನಕಲಿ ಮುದ್ರೆ ಒತ್ತುವವರೂ ಇದ್ದಾರೆ.

ಇನ್ನೊಂದು ತುದಿಯಲ್ಲಿ ದಕ್ಷಿಣ ಮೊಲುಕ್ಕಾಸ್ ಇದೆ. 1950ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದಿಂದ ತಾನು ಬೇರೆ ಎಂದು ಸಾರಿದ ಈ ದ್ವೀಪರಾಜ್ಯದ ಹೆಸರಿನಲ್ಲಿ ಹಕ್ಕಿ, ಚಿಟ್ಟೆ, ಹೂಗಳ ಸೊಗಸಾದ ಚೀಟಿಗಳು ಬಂದವು. ಅವು ಅಂಚೆಯಣ್ಣನ ಚೀಲಕ್ಕಿಂತ ವಿದೇಶಿ ವ್ಯಾಪಾರಿಗಳ ಪೊಟ್ಟಣಗಳಲ್ಲೇ ಹೆಚ್ಚು ಓಡಾಡಿದವು. ಚೆಲುವಿಗೆ ಮರುಳಾಗಿ ಕೊಂಡ ಮಕ್ಕಳು ಭೂಪಟದಲ್ಲಿ ಆ ದೇಶವನ್ನು ಹುಡುಕಿ ಸುಸ್ತಾಗಿದ್ದೇ ಬಂತು.

ಕರ್ನಾಟಕದ ಕೊಡುಗೆ ಈ ವಿಷಯದಲ್ಲಿ ತೆಳು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ಬ್ರಿಟಿಷರನ್ನು ಧಿಕ್ಕರಿಸಿ ತನ್ನದೇ ಸರ್ಕಾರ ಸಾರಿ, ಬಾಲಕನೊಬ್ಬನನ್ನು ಅಮಲ್ದಾರನ ಗಾದಿಯಲ್ಲಿ ಕೂರಿಸಿತಾದರೂ ಚೀಟಿಯ ಗೊಡವೆಗೆ ಹೋಗಲಿಲ್ಲ. ಕೆಂಗೇರಿಯಿಂದಾಚೆ ಬಿಡದಿಯಲ್ಲಿ ಆಶ್ರಮ ಕಟ್ಟಿದ್ದ ನಿತ್ಯಾನಂದರು ‘ಕೈಲಾಸ’ ದೇಶ ಸಾರಿ 2020ರ ಗಣೇಶ ಚತುರ್ಥಿಯಂದು ನಾಣ್ಯಗಳನ್ನು ಪ್ರಕಟಿಸಿದರು. ಅದು ನಾಣ್ಯ ಸಂಗ್ರಾಹಕರ ತಲೆನೋವು.

ಸಂಗ್ರಹಕ್ಕೆ ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಬೆಂಗಳೂರು ಜಿಪಿಒದ ಫಿಲಾಟೆಲಿ ಬ್ಯೂರೊಗೆ. ಕೆಂಗೇರಿ, ವಿಜಯನಗರದವರಿಗೆ ಮೆಟ್ರೊದ ನೇರಳೆ ಮಾರ್ಗವಿದೆ. ವಿಧಾನಸೌಧದ ಬಳಿ ಇಳಿದು ನಡೆಯಬಹುದು. ಬಸವೇಶ್ವರನಗರದವರು ಎಂದಿನಂತೆ ಬಸ್ಸಿಗೆ ಕಾಯಬೇಕು. ಆದರೆ ಅಲ್ಲಿ ಸಿಗುವುದು ಭಾರತದ ಚೀಟಿಗಳು. ಕಟಾಂಗ ಕೇಳಿದರೆ ಅದು ಯಾವ ತಾಲ್ಲೂಕೆಂದು ಕೇಳಿದರೂ ಆಶ್ಚರ್ಯವಿಲ್ಲ. ಇಲ್ಲದ ದೇಶಗಳಿಗೆ ವ್ಯಾಪಾರಿಗಳೇ ಗತಿ. ‘ಕರ್ನಾಪೆಕ್ಸ್’ನಂಥ ಪ್ರದರ್ಶನಗಳಲ್ಲಿ ಅವರ ಮಳಿಗೆಗಳಿರುತ್ತವೆ. ತಂದ ಚೀಟಿಗಳನ್ನು ಮಳೆಗಾಲದಲ್ಲಿ ಒದ್ದೆ ಗೋಡೆಯ ಬೀರುವಿನಲ್ಲಿಟ್ಟರೆ ಹಿಂಬದಿಯ ಅಂಟು ಜಾಗೃತವಾಗುತ್ತದೆ, ಜನ್ಮಶತ್ರು ದೇಶಗಳೆರಡು ಬಿಡಿಸಲಾರದಂತೆ ಅಪ್ಪಿಕೊಳ್ಳುತ್ತವೆ.

ಬೇರೆಯಾಗಿ ಉಳಿದುಕೊಂಡ ದೇಶವನ್ನೂ ಈ ಆಲ್ಬಮ್ಮಿಗೆ ಸೇರಿಸುವುದು ರೂಢಿ. ಚೀಟಿ ಅಚ್ಚಾಗುವಾಗ ಅದು ಉಳಿಯುತ್ತದೆಂಬ ಖಾತ್ರಿ ಯಾರಿಗಿತ್ತು? ಬಾಂಗ್ಲಾದೇಶದ ಹಂಗಾಮಿ ಮುಜಿಬ್‌ನಗರ ಸರ್ಕಾರ 1971ರ ಜುಲೈ 29ರಂದು, ಢಾಕಾ ಇನ್ನೂ ಪಾಕಿಸ್ತಾನದ ಕೈಯಲ್ಲಿದ್ದಾಗಲೇ, ಎಂಟು ಚೀಟಿಗಳನ್ನು ಹೊರತಂದಿತು. ಲಂಡನ್‌ನಲ್ಲಿದ್ದ ಬಿಮನ್ ಮಲ್ಲಿಕ್ ಅವುಗಳ ವಿನ್ಯಾಸಕಾರ. ಬೆಲೆ ರೂಪಾಯಿಯಲ್ಲಿತ್ತು, ಮಾರಾಟ ಕಲ್ಕತ್ತಾ ಮತ್ತು ಲಂಡನ್‌ನಲ್ಲಿ.

ಆ ಪುಟಕ್ಕೆ ಬೆಂಗಳೂರಿನದೂ ಒಂದು ಚೀಟಿ ಸೇರುತ್ತದೆ. ಗಡಿ ದಾಟಿ ಬಂದ ನಿರಾಶ್ರಿತರ ನೆರವಿಗೆಂದು ಭಾರತ ಸರ್ಕಾರ 1971ರ ನವೆಂಬರ್ 15ರಿಂದ ಟಪಾಲಿನ ಮೇಲೆ 5 ಪೈಸೆ ಹೆಚ್ಚುವರಿ ಚೀಟಿ ಹಚ್ಚಬೇಕೆಂದಿತು. ಹೊಸ ಚೀಟಿ ತಯಾರಿರಲಿಲ್ಲ. ಕಟಾಂಗದ ಉಪಾಯವೇ ಇಲ್ಲೂ ಒದಗಿತು: ಕುಟುಂಬ ಯೋಜನೆಯ 5 ಪೈಸೆ ಚೀಟಿಗಳ ಮೇಲೆ ‘ರೆಫ್ಯುಜಿ ರಿಲೀಫ್’ ಎಂದು ಊರೂರಲ್ಲಿ ಒತ್ತಿದರು. ಬೆಂಗಳೂರಿನದು ಒಂದು ಬಗೆ, ಜೈಪುರದ್ದು ಇನ್ನೊಂದು, ಗೋವೆಯದು ಮತ್ತೊಂದು. ಸಂಸಾರ ಚಿಕ್ಕದಿರಲಿ ಎಂದು ಸಾರುತ್ತಿದ್ದ ಚೀಟಿಯೇ ಲಕ್ಷಾಂತರ ನೆಂಟರ ಖರ್ಚನ್ನೂ ಹೊತ್ತಿತು. ಇದಕ್ಕೂ ನಕಲಿಯ ಕಾಟವಿರುವುದರಿಂದ ಬಿಡಿ ಚೀಟಿಗಿಂತ, ಆ ದಿನಗಳ ಅಂಚೆ ಮುದ್ರೆ ಸ್ಪಷ್ಟವಾಗಿರುವ ಇಡೀ ಲಕೋಟೆ ಕೊಳ್ಳುವುದು ಮೇಲು. ಪ್ರತ್ಯೇಕ ಚೀಟಿ ಬಂದಮೇಲೆ ಈ ಅವಸರದ ಮುದ್ರೆಗಳ ಕೆಲಸ ಮುಗಿಯಿತು. ವಸೂಲಿ ಮಾತ್ರ 1973ರ ಮಾರ್ಚ್ 31ರವರೆಗೂ ನಡೆಯಿತು. ಬಾಂಗ್ಲಾದೇಶ ಬಿಡುಗಡೆಯಾಗಿ ಆಗ ಒಂದೂಕಾಲು ವರ್ಷ ತುಂಬಿತ್ತು.