ಬೇಸಣ್ಣನೂ ನಾಕು ತಂತಿಯೂ

ನಮ್ಮ ರಸಮಂಜರಿ ತಂಡದಲ್ಲಿ ವಾದ್ಯದವರು ವಾದ್ಯ ತರುತ್ತಾರೆ, ಗಾಯಕರು ಗಂಟಲು ತರುತ್ತಾರೆ, ನಿರೂಪಕನಾದ ನಾನು ಹಳೇ ಜೋಕು ತರುತ್ತೇನೆ. ಬೇಸಣ್ಣನೊಬ್ಬ ಮಾತ್ರ ವಾದ್ಯದ ಬಿಡಿಭಾಗ ತರುತ್ತಾನೆ. ವೇದಿಕೆಯ ಹಿಂದೆ, ಜನರೇಟರ್ ಪಕ್ಕ, ಬೆಡ್‌ಶೀಟು ಹಾಸಿಕೊಂಡು ಗಿಟಾರನ್ನು ಮಗುಚಿ ಹಾಕಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಕೂತಿರುವವನನ್ನು ಕಂಡರೆ ಯಾರೋ ಮೈಕ್‌ಸೆಟ್‌ನವನು ಅಂದುಕೊಳ್ಳಬೇಡಿ. ಇನ್ನು ಹತ್ತು ನಿಮಿಷಕ್ಕೆ ಅವನು ಜರಿ ಕೋಟು ತೊಟ್ಟು ಡ್ರಮ್ಮಿನ ಪಕ್ಕ ನಿಲ್ಲಬೇಕಾದ ಕಲಾವಿದ.

ಮನೆಯವರು ಇಟ್ಟ ಹೆಸರು ಬೇರೆ. ಅದು ಆಧಾರ್ ಕಾರ್ಡಿನಲ್ಲಿ ತೆಪ್ಪಗೆ ಮಲಗಿದೆ. ಬೇಸ್ ಗಿಟಾರ್ ನುಡಿಸುವವನಾದ್ದರಿಂದ ಬೇಸಣ್ಣ. ಹೆಸರು ಗಟ್ಟಿಯಾಗಿ ಅಂಟಿದ್ದು ಸಿರುಗುಪ್ಪದ ಕಡೆ ಒಂದು ಜಾತ್ರೆಯಲ್ಲಿ. ಹಾಡು ಮುಗಿದ ಕೂಡಲೇ ಮುಂದಿನ ಸಾಲಿನವರು "ಬೇಸೈತ್ರೀ, ಬೇಸೈತಿ" ಅಂದರು. ಬಳ್ಳಾರಿ ಸೀಮೆಯಲ್ಲಿ ಚೆನ್ನಾಗಿದೆ ಅನ್ನುವುದಕ್ಕೇ ಬೇಸು ಅನ್ನುತ್ತಾರೆಂದು ಬೆಂಗಳೂರಿನ ಈ ಪ್ರಾಣಿಗೆ ಏನು ಗೊತ್ತು? ವಾಪಸು ಬರುವಾಗ ಟೆಂಪೋ ಟ್ರಾವೆಲರಿನಲ್ಲಿ ಇಡೀ ರಾತ್ರಿ ನಿದ್ದೆ ಮಾಡಲಿಲ್ಲ. "ಗುರು, ಬೆಂಗಳೂರಲ್ಲಿ ಇಪ್ಪತ್ತು ವರ್ಷದಿಂದ ನುಡಿಸ್ತಿದೀನಿ, ಒಬ್ಬನೂ ಬೇಸ್ ಕೇಳಿಸ್ಕೊಂಡಿಲ್ಲ. ಅಲ್ಲಿ ನೋಡು, ರೈತರು!" ಅರ್ಥ ಬಿಡಿಸಿ ಹೇಳುವ ಪಾಪ ನಾನು ಮಾಡಲಿಲ್ಲ.

ಬೇಸ್ ನುಡಿಸುವವನ ಮೊದಲನೆಯ ಕಷ್ಟ ತಂತಿಗಳ ಎಣಿಕೆಯದು. ಎಲ್ಲ ಗಿಟಾರಿಗೂ ಆರು, ಇದಕ್ಕೆ ನಾಲ್ಕು. ಮದುವೆ ಆರತಕ್ಷತೆಗಳಲ್ಲಿ ಊಟ ಮುಗಿಸಿ ಎಲೆ ಅಡಿಕೆ ಜಗಿಯುತ್ತ ಬರುವ ಹಿರಿಯರು ಹತ್ತಿರ ನಿಂತು ಲೆಕ್ಕ ಹಾಕಿ, "ಇನ್ನೆರಡು ಕಿತ್ತೋಯ್ತಾ?" ಎಂದು ಕನಿಕರದಿಂದ ಕೇಳುತ್ತಾರೆ. ಒಮ್ಮೆ ಒಬ್ಬ ಆಯೋಜಕರು ಸಂಭಾವನೆ ಎಣಿಸುವಾಗ, ಆರು ತಂತಿಯವನಿಗೂ ನಾಲ್ಕು ತಂತಿಯವನಿಗೂ ಒಂದೇ ರೇಟು ಯಾವ ನ್ಯಾಯ ಎಂದು ತಗಾದೆ ತೆಗೆದರು. ಅವತ್ತು ಬೇಸಣ್ಣನಿಗೆ ಸರಸ್ವತಿ ನಾಲಿಗೆಯ ಮೇಲೆ ಬಂದು ಕೂತಳು. "ಸ್ವಾಮಿ, ಬೇಂದ್ರೆಯವರಿಗೂ ನಾಕೇ ತಂತಿ. ಅವರಿಗೆ ಜ್ಞಾನಪೀಠ ಕೊಟ್ರು. ನೀವು ನನಗೆ ಪೇಮೆಂಟ್ ಕಟ್ ಮಾಡ್ತೀರಾ?" ಆಯೋಜಕರು ಕನ್ನಡ ಸಂಘದವರು. ಪೂರ್ತಿ ಕೊಟ್ಟರು.

ನುಡಿಸುವುದು ಅವನ ಕಸುಬು, ಬಿಚ್ಚುವುದು ಸ್ವಭಾವ. ಗಣೇಶನ ಹಬ್ಬದಿಂದ ಶುರುವಾಗಿ, ನವೆಂಬರ್ ಒಂದಕ್ಕೆ ಹುಟ್ಟಿ ಡಿಸೆಂಬರಿನ ತನಕ ಸಾಯದ ರಾಜ್ಯೋತ್ಸವಗಳನ್ನು ದಾಟಿ, ಜಾತ್ರೆ, ಮದುವೆ ಎಂದು ಓಡಾಡುವಷ್ಟು ಕಾಲ ಗಿಟಾರು ಹೇಗೋ ಒಂದು ದೇಹವಾಗಿ ಇರುತ್ತದೆ. ಆಷಾಢ ಬಂತೋ, ಕೆಲಸವಿಲ್ಲ. ಹೊಸ ಹೆಂಡತಿ ತವರಿಗೆ ಹೋಗುವ ಹಾಗೆ ಗಿಟಾರಿನ ಕರುಳೆಲ್ಲ ಹೊರಗೆ ಬಂದು ಊಟದ ಮೇಜಿನ ಮೇಲೆ ಬೀಳುತ್ತದೆ. ಎಸ್.ಪಿ. ರೋಡಿಗೆ, ಅಂದರೆ ಸದರ್ ಪತ್ರಪ್ಪ ರಸ್ತೆಗೆ, ಅವನ ಯಾತ್ರೆ ಹೊರಡುತ್ತದೆ. ಬೇಕಾದದ್ದು ಒಂದೇ ಒಂದು ಕೆಪಾಸಿಟರ್. ಮೈಮೇಲೆ 473 ಎಂದು ಬರೆದಿರಬೇಕು, ಹಾಗೆಂದರೆ 0.047 ಮೈಕ್ರೋಫ್ಯಾರಡ್. ಅಂಗಡಿಯವನು ಒಂದು ಕೊಡುವುದಿಲ್ಲ, ಹತ್ತು ತಗೊಳ್ಳಿ ಅನ್ನುತ್ತಾನೆ. ಹತ್ತು ಕೊಂಡ ಮೇಲೆ ಪಕ್ಕದ 104 ಕೂಡ ಹತ್ತು ಇರಲಿ ಅನ್ನಿಸುತ್ತದೆ. ನೋಡಲಿಕ್ಕೆ ಕಾಲು ಬಂದ ಕಡಲೆಬೇಳೆ. ಇಡಲು ಜಾಗವಿಲ್ಲದೆ ಅವನ್ನು ಅಡುಗೆಮನೆಯ ಸಣ್ಣ ಡಬ್ಬಿಯಲ್ಲಿ ಇಟ್ಟಿದ್ದಕ್ಕೆ ಒಂದು ಬೆಳಗ್ಗೆ ಉಪ್ಪಿಟ್ಟಿನ ಒಗ್ಗರಣೆಗೆ ಮೂರು ಕೆಪಾಸಿಟರ್ ಬಿದ್ದವು. ಅತ್ತಿಗೆ ಆರಿಸಿ ತೆಗೆದು ತಟ್ಟೆಯ ಅಂಚಿಗಿಟ್ಟು, "ರೀ, ಇದು ನಿಮ್ಮದು" ಎಂದಷ್ಟೇ ಹೇಳಿದರಂತೆ.

ಇಷ್ಟಕ್ಕೂ ಆ ಬೇಳೆಕಾಳು ಮಾಡುವುದೇನು? ಪಿಕಪ್‌ನಿಂದ ಬಂದ ನಾದದಲ್ಲಿ ಕೀಚಲು ಭಾಗವನ್ನು ಮಾತ್ರ ಅರ್ಥಿಂಗ್ ಕಡೆ ಜಾರಿಸಿ, ದಪ್ಪ ಭಾಗವನ್ನು ಮುಂದಕ್ಕೆ ಬಿಡುತ್ತದೆ. ಎಷ್ಟು ಜಾರಬೇಕು ಎಂಬುದು ಟೋನ್ ಗುಂಡಿಯ ಕೈಯಲ್ಲಿದೆ. ನಾದವನ್ನು ಹೀಗೆ ತಿದ್ದುವ ಚಟ ಹೊಸದಲ್ಲವೆಂದು ನಾನು ತಿಳಿದುಕೊಂಡದ್ದು ಬೇಸಣ್ಣನ ಸೋದರಮಾವನ ದಯೆಯಿಂದ. ಅವರು ಮೃದಂಗದವರು. ಪ್ರತಿ ಕಛೇರಿಗೆ ಮುಂಚೆ ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತುತ್ತಾರೆ, ತಟ್ಟಿ ನೋಡುತ್ತಾರೆ, ಸ್ವಲ್ಪ ಕೆರೆಯುತ್ತಾರೆ, ಮತ್ತೆ ಚೂರು ಅಂಟಿಸುತ್ತಾರೆ. ಕಛೇರಿ ಮುಗಿದ ಮೇಲೆ ಅದನ್ನೆಲ್ಲ ಕಿತ್ತು ಒರೆಸುತ್ತಾರೆ. ತಂಬೂರಿಯವರು ಕುದುರೆಯ ಮೇಲೆ ಒಂದೆಳೆ ದಾರವನ್ನು ಕೂದಲಿನಷ್ಟು ಆಚೀಚೆ ಸರಿಸುತ್ತ ಅರ್ಧ ಗಂಟೆ ಕಳೆಯುತ್ತಾರೆ. "ಮಾವ ರವೆ ಮೆತ್ತಿದ್ರೆ ಸಂಪ್ರದಾಯ. ನಾನು ಸೀಸ ಮೆತ್ತಿದ್ರೆ ಹುಚ್ಚಾ?" ಎಂದು ಬೇಸಣ್ಣ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮಾವನಲ್ಲಿ ಇತ್ತು: "ನನ್ನ ರವೆಗೆ ಶಾಕ್ ಹೊಡೆಯಲ್ಲ."

ಬೇಸಣ್ಣನ ದೇವರಮನೆಯಲ್ಲಿ, ರಾಘವೇಂದ್ರ ಸ್ವಾಮಿಗಳ ಪಟದ ಪಕ್ಕ, ಲಿಯೋ ಫೆಂಡರ್ ಎಂಬ ಅಮೆರಿಕನ್ನರ ಫೋಟೋ ಇದೆ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮನುಷ್ಯ. 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಿಟ್ಟು, ಆಳೆತ್ತರದ ಬೇಸ್ ಪಿಟೀಲನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಅಲೆಯುತ್ತಿದ್ದವರ ಬೆನ್ನು ಉಳಿಸಿದ ಪುಣ್ಯಾತ್ಮ. ಸೋಜಿಗವೆಂದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸಲು ಬಾರದವರು ಕೂಡಿಸಿದ್ದನ್ನು ನುಡಿಸಲು ಬರುವವನು ಯಾಕಪ್ಪಾ ಬಿಚ್ಚುತ್ತೀಯ ಎಂದು ನಾನು ಕೇಳಿದ್ದೆ. ಜೊತೆಗೆ ಎಲ್ಲೋ ಓದಿದ್ದ ಜೇಮ್ಸ್ ಜೇಮರ್‌ಸನ್ ಉದಾಹರಣೆಯನ್ನೂ ಎಸೆದೆ. ಮೋಟೌನ್ ಕಂಪನಿಯ ಹಾಡುಗಳಿಗೆ ಬಲಗೈಯ ಒಂದೇ ಬೆರಳಿನಲ್ಲಿ ಬೇಸ್ ನುಡಿಸಿದ ಮಹಾನುಭಾವ ಅವರು. ತಂತಿ ಹರಿಯದ ಹೊರತು ಬದಲಿಸುತ್ತಿರಲಿಲ್ಲವೆಂದು ಪ್ರತೀತಿ. ಬೇಸಣ್ಣ ಸೋಲಲಿಲ್ಲ. ತನ್ನ ಬೇಸಿನ ಮೆಟ್ಟಿಲುಗಳನ್ನೇ ಕಿತ್ತು, ಆ ಸಂದುಗಳನ್ನು ತುಂಬಿ, ಎಪಾಕ್ಸಿ ಬಳಿದು ನುಡಿಸಿದ ಜಾಕೋ ಪಾಸ್ಟೋರಿಯಸ್ ಹೆಸರನ್ನು ನನ್ನ ಮುಖಕ್ಕೆ ಹಿಡಿದ. ಎಲ್ಲ ಮತಗಳಿಗೂ ಒಬ್ಬೊಬ್ಬ ಆಚಾರ್ಯರಿರುತ್ತಾರೆ, ವಾದ ಬೇಡವೆಂದು ಬಿಟ್ಟೆ.

ಅವನ ಬಾಯಿಂದ ಬರುವ ಅತ್ಯಂತ ಅಪಾಯಕಾರಿ ಪ್ರಶ್ನೆ, "ವ್ಯತ್ಯಾಸ ಗೊತ್ತಾಯ್ತಾ?" ಗೊತ್ತಾಗಲಿಲ್ಲ ಅಂದರೆ ಇನ್ನೊಮ್ಮೆ ನುಡಿಸುತ್ತಾನೆ. ಗೊತ್ತಾಯಿತು ಅಂದರೆ ಏನು ಗೊತ್ತಾಯಿತು ಎಂದು ಕೇಳುತ್ತಾನೆ. ಹಾಗಾಗಿ ನಾನೊಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದೇನೆ: "ಮಧ್ಯದಲ್ಲಿ ಸ್ವಲ್ಪ ತುಂಬಿಕೊಂಡಿದೆ." ಇದು ಎಲ್ಲ ಸಂದರ್ಭಕ್ಕೂ ಒಪ್ಪುತ್ತದೆ. ಒಂದು ದಿನ ಅವನು ಕೇಳುವ ಮೊದಲೇ ಹೇಳಿಬಿಟ್ಟೆ. ಬೇಸಣ್ಣ ಕಣ್ಣರಳಿಸಿದ. "ಇವತ್ತು ಏನೂ ಬಿಚ್ಚೇ ಇಲ್ಲ ಗುರು!" ಸ್ವಲ್ಪ ಹೊತ್ತು ಯೋಚಿಸಿ ತಾನೇ ಸಮಾಧಾನ ಹೇಳಿದ: "ತಂತಿ ಒರೆಸಿದ್ದೆ. ಅದೇ ಇರಬೇಕು. ನಿನ್ ಕಿವಿ ಶಾರ್ಪು."

ಈ ಸೂಕ್ಷ್ಮವೆಲ್ಲ ಯಾವುದರ ಮೂಲಕ ಜನರನ್ನು ತಲುಪುತ್ತದೆ ಎಂಬುದನ್ನೂ ಹೇಳಬೇಕಲ್ಲ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ 41 ಸಲ ಅದುರುತ್ತದೆ. ಅದನ್ನು ಹೊರಗೆ ಹಾಕಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕು. ಹಳ್ಳಿಯ ಪೆಂಡಾಲಿನಲ್ಲಿ ನಮಗೆ ಸಿಗುವುದು ಬೇವಿನ ಮರಕ್ಕೆ ಕಟ್ಟಿದ ಹಾರ್ನು. ಎರಡು ತಿಂಗಳು ತಿದ್ದಿ ತೀಡಿದ ನಾದ ಅದರೊಳಗೆ ಹೋಗಿ, ಹೊರಗೆ ಬರುವಾಗ ಅಕ್ಕಿ ಕೇರುವ ಮೊರದ ಸದ್ದಾಗಿರುತ್ತದೆ.

ಗಣೇಶೋತ್ಸವವೊಂದರ ಸಂಗತಿ ಹೇಳದೆ ಮುಂದಕ್ಕೆ ಹೋಗಲಾರೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅಲೆಯುತ್ತದೆ. ಬೇಸಿನಲ್ಲಿ ಕೆಳಗಿನ ಜಿ ಸ್ವರ 49. ಅಂದರೆ ನಮ್ಮ ಕರೆಂಟು ಒಂದು ಎಳೆ ಏರಿದ ಜಿ ಶ್ರುತಿಯಲ್ಲಿ ಸದಾ ಆಧಾರ ಷಡ್ಜ ಹಿಡಿದಿರುತ್ತದೆ. ಅಮೆರಿಕದಲ್ಲಿ 60, ಅದು ಎ ಶಾರ್ಪಿಗೂ ಬಿ ಸ್ವರಕ್ಕೂ ನಡುವೆ ತ್ರಿಶಂಕು. ಈ ಗುಂಯ್‌ಗುಡುವಿಕೆಯನ್ನು ಓಡಿಸಲೆಂದು ಬೇಸಣ್ಣ ಗಿಟಾರಿನ ಹೊಟ್ಟೆಯೊಳಗೆಲ್ಲ ಚಪಾತಿ ಸುತ್ತುವ ಬೆಳ್ಳಿಹಾಳೆ ಅಂಟಿಸಿದ್ದ. ಅಂಟಿಸಿದ್ದೇನೋ ಸರಿ, ಆ ಹಾಳೆಯನ್ನು ಅರ್ಥಿಂಗಿಗೆ ಸೇರಿಸುವ ತಂತಿಯನ್ನು ಮರೆತಿದ್ದ. ತಂತಿಗಳ ಮೇಲೆ ಕೈ ಇಟ್ಟಷ್ಟು ಹೊತ್ತು ಎಲ್ಲ ಶಾಂತ, ಕೈ ಎತ್ತಿದರೆ ಜೇನುಗೂಡು. ನುಡಿಸುವವನ ಮೈಯೂ ಗದ್ದಲವನ್ನು ಹೀರಿಕೊಳ್ಳುವ ಒಂದು ಏರಿಯಲ್ಲೇ. ತಂತಿ ಮುಟ್ಟಿದಾಗ ಅದು ಅರ್ಥಿಂಗಿಗೆ ಸೇರಿ ಸುಮ್ಮನಾಗುತ್ತದೆ. ಹೀಗೆ ಎರಡು ಗಂಟೆ ಅವನು ಸೊಳ್ಳೆ ಹೊಡೆಯದೆ, ಬಾದಾಮಿ ಹಾಲು ಕುಡಿಯದೆ, ಯೋಗಿಯಂತೆ ನಿಂತ. ಆಮೇಲೆ ಕಲಾವಿದರಿಗೆ ಸನ್ಮಾನ. ಊರಿನ ಗಣ್ಯರೊಬ್ಬರು ಶಾಲು ಹೊದಿಸಿ, ಹಾರ ಹಾಕಿ, ಪೇಟ ಇಟ್ಟರು. ಬೇಸಣ್ಣ ವಿನಯದಿಂದ ಎರಡೂ ಕೈ ಎತ್ತಿ ಮುಗಿದ.

ಗುಂಯ್ಯ್ಯ್!

ಗಣ್ಯರು ಎರಡು ಹೆಜ್ಜೆ ಹಿಂದೆ ಹೋದರು. ಅವರ ಗನ್‌ಮ್ಯಾನ್ ಒಂದು ಹೆಜ್ಜೆ ಮುಂದೆ ಬಂದ. ಬೇಸಣ್ಣ ಕೈ ಇಳಿಸಿದ, ನಿಶ್ಶಬ್ದ. ಗಣ್ಯರು ಮತ್ತೆ ನಮಸ್ಕಾರ ಮಾಡಿದರು. ಇವನು ಮರುನಮಸ್ಕಾರ ಮಾಡದಿದ್ದರೆ ಅಹಂಕಾರ, ಮಾಡಿದರೆ ಗುಂಯ್. ಕೊನೆಗೆ ಎಡಗೈಯಲ್ಲಿ ತಂತಿ ಹಿಡಿದುಕೊಂಡು ಬಲಗೈಯೊಂದನ್ನೇ ಎದೆಗಿಟ್ಟು ಬಾಗಿದ. "ವಿಘ್ನೇಶ್ವರನ ಓಂಕಾರ" ಎಂದು ಮೈಕಿನಲ್ಲಿ ಹೇಳಿ ನಾನು ಮಾನ ಉಳಿಸಿದೆ. ಜನ ಚಪ್ಪಾಳೆ ತಟ್ಟಿದರು. ಪೂಜಾರರು ಒಂದು ಮಂಗಳಾರತಿಯನ್ನೂ ಎತ್ತಿದರು.

ಈಗ ಕಾಲ ಇನ್ನೂ ಕೆಟ್ಟಿದೆ. ಕೆಲವು ತಂಡಗಳು ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಹಾಕಿ ಹಾಡಿಸುತ್ತವೆ. ಬೇಸು ಅದರೊಳಗೇ ಬಂದುಬಿಡುತ್ತದೆ. ಟ್ರ್ಯಾಕ್ ಇಲ್ಲದ ಕಡೆ ಕೀಬೋರ್ಡಿನವನ ಎಡಗೈ ಆ ಕೆಲಸ ಮಾಡುತ್ತದೆ. ಒಬ್ಬ ಕಲಾವಿದ ಇನ್ನೊಬ್ಬನ ಎಡಗೈಗೆ ಸಮನಾಗುವುದಕ್ಕಿಂತ ಅವಮಾನ ಯಾವುದಿದೆ? ಆದರೂ ನಮ್ಮ ತಂಡ ಬೇಸಣ್ಣನನ್ನು ಬಿಟ್ಟಿಲ್ಲ. ಇಳಯರಾಜಾ ಹಾಡು ಕೇಳದ ಊರಿಲ್ಲ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ', ಎರಡೂ ಚಿತ್ರಗಳಿಗೆ ಅವರದೇ ಸಂಗೀತ. ಆ ಮನುಷ್ಯ ಬೇಸಿಗೆ ಬೇರೆಯದೇ ಒಂದು ಹಾಡು ಬರೆದಿಡುತ್ತಾರೆ. ಅದನ್ನು ಬೇಸಣ್ಣ ಕಣ್ಣು ಮುಚ್ಚಿ ನುಡಿಸುವಾಗ ಮಾತ್ರ ನಾನು ವೇದಿಕೆಯ ಬದಿಯಲ್ಲಿ ಮೊಬೈಲ್ ನೋಡುವುದಿಲ್ಲ. ನಡುವೆ ಅವನ ಡ್ರೈ ಸೋಲ್ಡರ್ ಬಿಟ್ಟು ಸದ್ದು ನಿಂತರೆ ನಮ್ಮ ಗಾಯಕಿ ಹಾಡುತ್ತಲೇ ಹಿಂದೆ ತಿರುಗಿ ನೋಡಿ, ಕಿವಿಯೋಲೆ ಮುಟ್ಟಿಕೊಳ್ಳುತ್ತಾಳೆ. ಏನೋ ಬಿದ್ದುಹೋಯಿತು ಎಂದು ಅವಳಿಗೆ ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ.

ಕಳೆದ ಆಷಾಢದಲ್ಲಿ ಬೇಸು ಆಕ್ಟಿವ್ ಆಯಿತು. ಒಳಗೊಂದು ಪುಟ್ಟ ಪ್ರೀಆಂಪ್, ಅದಕ್ಕೆ 9 ವೋಲ್ಟಿನ ಚೌಕ ಬ್ಯಾಟರಿ. ಫೆಂಡರ್ ಕಂಪನಿಯನ್ನು ಮಾರಿದ ಮೇಲೆ ಲಿಯೋ ತಾತ 1976ರಲ್ಲಿ ಮ್ಯೂಸಿಕ್ ಮ್ಯಾನ್ ಹೆಸರಿನಲ್ಲಿ ತಂದ ಬೇಸಿಗೂ ಬ್ಯಾಟರಿ ಇತ್ತಲ್ಲ, ಅದು ಇವನ ಸಮರ್ಥನೆ. ಇದರಲ್ಲಿ ಸ್ವಿಚ್ಚಿರುವುದಿಲ್ಲ, ಕೇಬಲ್ ಚುಚ್ಚಿದರೆ ಆನ್, ಕಿತ್ತರೆ ಆಫ್. ಚುಚ್ಚಿದ್ದನ್ನು ಕೀಳದೆ ಬಿಟ್ಟರೆ ಬ್ಯಾಟರಿ ಸುಮ್ಮನೆ ಸೊರಗುತ್ತದೆ. ಅಂದಿನಿಂದ ಅವನ ಜೇಬಿನಲ್ಲಿ ಬ್ಯಾಟರಿಗಳು. ಆಗಾಗ ಒಂದನ್ನು ತೆಗೆದು ನಾಲಿಗೆಗೆ ಮುಟ್ಟಿಸಿ, ಚುರ್ ಅಂದರೆ ತಲೆಯಾಡಿಸಿ ವಾಪಸು ಹಾಕಿಕೊಳ್ಳುತ್ತಾನೆ. ನೋಡಿದವರು ಉಪ್ಪಿನಕಾಯಿ ಅಂದುಕೊಂಡಾರು.

ಹೊಸಪೇಟೆಯ ಹತ್ತಿರ ಮೊನ್ನೆಯ ಕಾರ್ಯಕ್ರಮ. ಹತ್ತು ಗಂಟೆಯೊಳಗೆ ಮೈಕು ನಿಲ್ಲಿಸಬೇಕೆಂದು ಪೊಲೀಸರು ಮೊದಲೇ ಬಂದು ಹೇಳಿ ಹೋಗಿದ್ದರು. 'ಗೀತಾ' ಹಾಡಿಗೆ ಇನ್ನೇನು ಕೈ ಹಾಕಬೇಕು, ಬೇಸಣ್ಣನ ಬ್ಯಾಟರಿ ಸತ್ತಿತು. ಜೇಬಿನವನ್ನೆಲ್ಲ ನೆಕ್ಕಿ ನೋಡಿದ, ಯಾವುದೂ ಚುರ್ ಅನ್ನಲಿಲ್ಲ. ಅಷ್ಟರಲ್ಲಿ ನಾನು ಮುಂದೆ ನಿಂತು ಗುಂಡನ ಜೋಕು ಶುರು ಮಾಡಿದ್ದೆ, ಗುಂಡ ಇನ್ನೂ ಬಸ್ ಹತ್ತಿರಲಿಲ್ಲ. ಹಿಂದಿನಿಂದ ಒಂದು ಕೈ ಬಂದು ನನ್ನ ಕಾರ್ಡ್‌ಲೆಸ್ ಮೈಕಿನ ಬುಡ ತಿರುಚಿತು. ಟಪ್. ನನ್ನ ಬಾಯಿ ಆಡುತ್ತಲೇ ಇತ್ತು, ಮಾತು ಇರಲಿಲ್ಲ. ಮರುಕ್ಷಣ ನನ್ನ ಬ್ಯಾಟರಿ ಅವನ ಗಿಟಾರಿನ ಹೊಟ್ಟೆಯೊಳಗೆ ಇಳಿದು, ಬೇಸಿನ ಮೊದಲ ಪಲುಕು ಪೆಂಡಾಲಿನ ನೆಲದಲ್ಲಿ ಗುದ್ದಿಕೊಂಡು ಹೋಯಿತು. ಆ ಊರಿನ ಮೈಕ್‌ಸೆಟ್‌ನವರು, ಪುಣ್ಯಕ್ಕೆ, ದೊಡ್ಡ ಪೆಟ್ಟಿಗೆಗಳನ್ನೇ ತಂದಿದ್ದರು.

ಮೊದಲ ಸಾಲಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿ ಕೂತಿದ್ದ ಯಜಮಾನರು ಮೂಕನಾಗಿ ನಿಂತ ನನ್ನನ್ನೇ ನೋಡುತ್ತ, ತೃಪ್ತಿಯಿಂದ ಬೆನ್ನು ಒರಗಿಸಿದರು.

"ಈಗ ಬೇಸಾತು ನೋಡಪಾ."

ಬೇಸಣ್ಣ ಹಿಂದಿನಿಂದ ನನ್ನ ಭುಜ ತಿವಿದ. "ಕೇಳಿಸ್ತಾ ಗುರು? 473 ತೆಗೆದು 104 ಹಾಕಿದೀನಿ!"