ತಪಾಸಣಾ ವಿಲಂಬ ದರ್ಪಣ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ಹಸುವಿನ ಕಾಯಿಲೆಗೆ ಕೀರ್ತಿವರ್ಮನ ‘ಗೋವೈದ್ಯ’ವುಂಟು, ವಿಷ ಇಳಿಸಲು ಮಂಗರಾಜನ ‘ಖಗೇಂದ್ರಮಣಿದರ್ಪಣ’ವುಂಟು, ಅಡುಗೆಗೆ ಮಂಗರಸನ ‘ಸೂಪಶಾಸ್ತ್ರ’ವುಂಟು. ಆ ಅಡುಗೆಯನ್ನುಂಡು ನಲವತ್ತು ದಾಟಿದ ಗೃಹಸ್ಥನು ರಕ್ತಪರೀಕ್ಷೆಯನ್ನು ಹೇಗೆ ಮುಂದೂಡಬೇಕೆಂಬುದಕ್ಕೆ ಮಾತ್ರ ಲಕ್ಷಣಗ್ರಂಥವಿಲ್ಲ. ವಿದ್ಯೆಯೋ ಮನೆಮನೆಯಲ್ಲೂ ಬಾಯಿಪಾಠವಾಗಿದೆ. ಅದನ್ನು ಸೂತ್ರಗಳಲ್ಲಿ ಕಟ್ಟಿ, ವೃತ್ತಿ ಬರೆದು, ಪ್ರಯೋಗ ತೋರಿಸುವುದೇ ಈ ಕೃತಿಯ ಉದ್ದೇಶ.

ಸೂತ್ರ 1: ನೋವಿಲ್ಲದೆಡೆ ರೋಗವಿಲ್ಲ.

ವೃತ್ತಿ: ಇಲ್ಲಿ ವೈದ್ಯರದು ಪೂರ್ವಪಕ್ಷ. ಬಿ.ಪಿ. 140/90 ದಾಟಿದರೂ ತಲೆ ನೋಯಬೇಕೆಂದಿಲ್ಲ. ರಕ್ತದ ಸಕ್ಕರೆ ಏರಿ ವರ್ಷಗಳಾದರೂ ಸುಳಿವು ಸಿಗದಿರಬಹುದು. ಅಷ್ಟರಲ್ಲಿ ಕಣ್ಣಿನ ಅಕ್ಷಿಪಟಲಕ್ಕೂ ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿರುತ್ತದೆ. ಆದ್ದರಿಂದ ಗಟ್ಟಿಮುಟ್ಟಾಗಿರುವಾಗಲೇ ನೋಡಿಸಿಕೊಳ್ಳಿ ಎಂಬುದು ಅವರ ವಾದ. ಸಿದ್ಧಾಂತಿಯ ಖಂಡನೆ ಹೀಗಿದೆ: ‘ನೋಡಿದ್ರೆ ತಾನೇ ಇರೋದು?’ ಇದಕ್ಕೆ ಪ್ರತಿವಾದ ಹೂಡಿದವರಿಲ್ಲ. ಹೂಡುವಷ್ಟರಲ್ಲಿ ಸಿದ್ಧಾಂತಿ ಎದ್ದು ಹೋಗಿರುತ್ತಾನೆ.

ಪ್ರಯೋಗ: ‘ದಸರಾ ಮುಗೀಲಿ.’ ದಸರಾ ಮುಗಿದರೆ ದೀಪಾವಳಿ, ಆಮೇಲೆ ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಹೋಳಿಗೆ, ಅದರ ಬೆನ್ನಿಗೆ ಮದುವೆಗಳು. ಆಷಾಢದಲ್ಲಿ ಒಳ್ಳೆಯ ಕೆಲಸ ಶುರುಮಾಡುವಂತಿಲ್ಲ. ಶ್ರಾವಣದಲ್ಲಿ ಹಬ್ಬಕ್ಕೊಂದು ಪಾಯಸ. ಹೀಗೆ ಪಂಚಾಂಗದಲ್ಲಿ ತಪಾಸಣೆಗೆ ಮುಹೂರ್ತವೇ ಇಲ್ಲವೆಂದು ಸಿದ್ಧವಾಯಿತು.

ಸೂತ್ರ 2: ಪರೀಕ್ಷೆ ಎಂದ ಮೇಲೆ ಓದಿಕೊಂಡು ಹೋಗಬೇಕು.

ವೃತ್ತಿ: ಮುಹೂರ್ತ ತಪ್ಪಿಸಲಾಗದವನು ಹಿಂದಿನ ಮೂರು ದಿನ ಸಿಹಿ ಬಿಟ್ಟು, ಪಾರ್ಕಿನಲ್ಲಿ ಬಿರುಸಾಗಿ ನಡೆದು, ರಾತ್ರಿ ಮುದ್ದೆ ನುಂಗಿ ಮಲಗತಕ್ಕದ್ದು. ಖಾಲಿ ಹೊಟ್ಟೆಯ ಸಕ್ಕರೆ 100ರ ಕೆಳಗೆ ಬಂದರೆ ಪಾಸು. ಈ ಸನಾತನ ವಿದ್ಯೆಗೆ ಕಂಟಕವಾಗಿ ಬಂದದ್ದು ಎಚ್‌ಬಿಎ1ಸಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ಕಾಲವೂ ಸಕ್ಕರೆ ಅದರ ಹಿಮೋಗ್ಲೋಬಿನ್‌ಗೆ ಅಂಟುತ್ತಲೇ ಇರುತ್ತದೆ. ಕೊನೆಗೆ ಸಿಗುವುದು ಎರಡು ಮೂರು ತಿಂಗಳ ಸರಾಸರಿ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಮೂರು ದಿನದ ಮುದ್ದೆಯನ್ನು ಅದು ಗಣನೆಗೇ ತೆಗೆದುಕೊಳ್ಳದು. ಭಾವಮೈದುನನ ಮದುವೆಯ ಜಿಲೇಬಿಯನ್ನಂತೂ ಮರೆಯದು.

ಪ್ರಯೋಗ: ಬೆಳಗಿನ ಏಳು ಗಂಟೆ, ಲ್ಯಾಬು. ಮಫ್ಲರ್ ಸುತ್ತಿಕೊಂಡು ತೋಳು ಚಾಚಿ ಕೂತವರನ್ನು ಸೂಜಿ ಹಿಡಿದ ಹುಡುಗಿ ಕೇಳುತ್ತಾಳೆ:
‘ಖಾಲಿ ಹೊಟ್ಟೇಲಿ ಬಂದಿದ್ದೀರಾ, ಅಂಕಲ್?’
‘ಹೂಂನಮ್ಮ. ಒಂದ್ ಲೋಟ ಕಾಫಿ ಅಷ್ಟೇ.’
‘ಸಕ್ಕರೆ ಹಾಕಿದ್ರಾ?’
‘ಛೆ ಛೆ, ಬೆಲ್ಲ.’

ಸೂತ್ರ 3: ತಪಾಸಣೆ ಯಜಮಾನರದು, ಫೈಲು ಯಜಮಾನಿಯದು.

ವೃತ್ತಿ: ಸ್ತ್ರೀಯರಿಗೆ ಕಾಯಿಲೆ ಬೀಳಲು ಬಿಡುವಿಲ್ಲವೆಂಬುದು ಈ ಶಾಸ್ತ್ರದ ಅಡಿಗಲ್ಲು. ಸರಕಾರ ಇದನ್ನು ಒಪ್ಪದೆ, 30 ದಾಟಿದ ಎಲ್ಲರ ಬಿ.ಪಿ., ಸಕ್ಕರೆ, ಬಾಯಿಯನ್ನೂ ಹೆಂಗಸರ ಸ್ತನ, ಗರ್ಭಕೊರಳನ್ನೂ ಪುಕ್ಕಟೆ ನೋಡಬೇಕೆಂದು ಕಾರ್ಯಕ್ರಮ ಮಾಡಿದೆ. ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಹುಳಿ, ಸವರುತ್ತಾರೆ. ಒಂದು ನಿಮಿಷ ಬಿಟ್ಟು ನೋಡಿದಾಗ ಬಿಳಿ ಮಚ್ಚೆ ಎದ್ದಿದ್ದರೆ ಮುಂದಿನ ಪರೀಕ್ಷೆ; ಇಲ್ಲದಿದ್ದರೆ ಐದು ವರ್ಷ ಬಿಟ್ಟು ಬನ್ನಿ ಎನ್ನುತ್ತಾರೆ. ಇಷ್ಟು ಸುಲಭವಾದದ್ದನ್ನು ಖಂಡಿಸಲು ಮಹಾವಾಕ್ಯವೊಂದು ಬೇಕಾಯಿತು: ‘ನಂಗೇನಾಗಿದೆ?’

ಪ್ರಯೋಗ: ಆಶಾ ಕಾರ್ಯಕರ್ತೆ ಫಾರಂ, ಟೇಪು ಹಿಡಿದು ಬಾಗಿಲಿಗೆ ಬರುತ್ತಾಳೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಯಜಮಾನರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗಂಟಿಸುತ್ತಾರೆ. ‘ಹೊಗೆಸೊಪ್ಪು, ಗುಟ್ಕಾ ಏನಾದ್ರೂ ಅಭ್ಯಾಸ ಇದ್ಯಾ ಅಣ್ಣ?’ ಅಣ್ಣ ಕೈಸನ್ನೆಯಲ್ಲೇ ‘ಇಲ್ಲ’ ಎನ್ನುತ್ತಾರೆ. ಬಾಯಿ ತೆರೆಯುವ ಸ್ಥಿತಿಯಲ್ಲಿಲ್ಲ. ‘ಅಕ್ಕಾ, ನೀವು?’ ಎಂದರೆ ಒಳಗಿನಿಂದ ಕುಕ್ಕರ್ ಕೂಗಿನೊಡನೆ ಮೇಲಿನ ಮಹಾವಾಕ್ಯ ಕೇಳಿಸುತ್ತದೆ.

ಸೂತ್ರ 4: ಮಾಡಿಸಿದರೆ ಎಲ್ಲವನ್ನೂ ಮಾಡಿಸಬೇಕು.

ವೃತ್ತಿ: ಇದು ಪ್ಯಾಕೇಜು ಪಂಥ. ಇದರ ಅನುಯಾಯಿಗಳು ಮಾರ್ಚ್ ತಿಂಗಳಲ್ಲಿ ಹೆಚ್ಚು. 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಮಿನಲ್ಲಿ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಕೊಟ್ಟದ್ದು ಇದಕ್ಕೆ ಕಾರಣ. ಇಲ್ಲೊಂದು ಗಣಿತವಿದೆ. ಲ್ಯಾಬಿನ ‘ನಾರ್ಮಲ್’ ಗೆರೆಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿ ಒಳಗೆ ಬರುವಂತೆ ಎಳೆದಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದ ನಿರೋಗಿಗೂ ಒಂದಾದರೂ ಗೆರೆ ದಾಟುವ ಸಂಭವ ಶೇ. 64. ಪಂಥದವನು ಆ ಒಂದು ದಪ್ಪಕ್ಷರಕ್ಕೆ ನಿದ್ದೆಗೆಡುತ್ತಾನೆ. ವಯಸ್ಸಿಗೆ, ಮನೆತನದ ಕಾಯಿಲೆಗೆ ತಕ್ಕ ನಾಲ್ಕೈದು ಪರೀಕ್ಷೆ ಸಾಕೆಂದು ಪರಿಚಯದ ಡಾಕ್ಟರು ಹೇಳಿದರೆ, ‘ಆಫರ್ ಇತ್ತು ಸಾರ್’ ಎನ್ನುತ್ತಾನೆ.

ಪ್ರಯೋಗ: ವರದಿ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ.

ಫಲಶ್ರುತಿ: ಈ ದರ್ಪಣವನ್ನು ಶ್ರದ್ಧೆಯಿಂದ ಪಾಲಿಸಿದವನಿಗೆ ಜೀವಮಾನದಲ್ಲಿ ಒಂದೇ ಸಲ ತಪಾಸಣೆ. ಅಂದು ಉಪವಾಸ ಬೇಡ, ಸರದಿ ಕಾಯಬೇಕಿಲ್ಲ. ಸ್ಟ್ರೆಚರಿನ ಮೇಲೆ ಮಲಗಿದ್ದರಾಯಿತು, ಇ.ಸಿ.ಜಿ.ಯಿಂದ ಹಿಡಿದು ಸಕಲವೂ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಫಾರಮ್ಮಿಗೆ ಸಹಿ ಹಾಕಲು ಹೆಂಡತಿ ಇದ್ದೇ ಇರುತ್ತಾಳೆ. ಅವಳ ತಪಾಸಣೆಗೇನು, ದಸರಾ ಮುಗೀಲಿ.